ಸ್ಲೈಡಿನಿಂದ ಕ್ರಿಯಾಪದ ಕದ್ದವರು ಯಾರು?

ಕಾಂಪೌಂಡ್ ಗೋಡೆಗಳ ಮೇಲೆ ‘ಇಲ್ಲಿ ವಾಹನ ನಿಲ್ಲಿಸಬಾರದು’ ಅಂತ ಬರೆದಿರೋದನ್ನ ನೀವೆಲ್ಲ ನೋಡಿರ್ತೀರಿ. ಎರಡು ಮಳೆಗಾಲ ಕಳೆದು ಕೊನೆಯ ಮೂರಕ್ಷರದ ಸುಣ್ಣ ಉದುರಿತು ಅಂತಿಟ್ಟುಕೊಳ್ಳಿ. ಉಳಿಯೋದು ‘ಇಲ್ಲಿ ವಾಹನ ನಿಲ್ಲಿಸ’. ನಿಲ್ಲಿಸಬಹುದೋ, ನಿಲ್ಲಿಸಲೇಬೇಕೋ, ನಿಲ್ಲಿಸಬಾರದೋ... ಮನೆ ಯಜಮಾನರನ್ನೇ ಕೇಳ್ಬೇಕು. ಇಂಗ್ಲಿಷಿನ ‘ನೋ ಪಾರ್ಕಿಂಗ್’ಗೆ ಈ ಫಜೀತಿ ಇಲ್ಲ. ಅಲ್ಲಿ ‘ನೋ’ ಮುಂದೆ ಬಂದು ನಿಂತಿರುತ್ತೆ, ಬಾಲ ಉದುರಿದರೂ ಬೈಯೋ ಕೆಲಸ ಮುಗಿದಿರುತ್ತೆ. ಕನ್ನಡದಲ್ಲಿ ಹಾಗಲ್ಲ. ಹೌದು-ಇಲ್ಲ, ಮಾಡ್ತೀನಿ-ಮಾಡಲ್ಲ, ನಾನು-ನೀನು ಎಲ್ಲವೂ ಬಾಲದಲ್ಲೇ ಇರುತ್ತೆ.

ಈ ಬಾಲವನ್ನ ಪ್ರತಿದಿನ ಸಾವಿರಗಟ್ಟಲೆ ಕತ್ತರಿಸಿ ಹಾಕುವ ಜಾಗ ಒಂದಿದೆ. ಅದರ ಹೆಸರು ಪವರ್‌ಪಾಯಿಂಟ್.

ನಾನು ಹೊಟ್ಟೆಪಾಡಿಗೆ ಸಾಫ್ಟ್‌ವೇರ್ ಬರೆಯೋನು. ಕೋಡ್ ಬರೆಯೋದಕ್ಕಿಂತ ಹೆಚ್ಚು ಹೊತ್ತು ಸ್ಲೈಡ್ ಮಾಡೋದ್ರಲ್ಲೇ ಕಳೆಯುತ್ತೆ ಅನ್ನೋದು ನಮ್ಮ ಕಸುಬಿನವರಿಗೆಲ್ಲ ಗೊತ್ತಿರೋ ಗುಟ್ಟು. ಆದರೆ ಇದನ್ನ ಯಾರೂ ನಮಗೆ ಕಲಿಸಿಲ್ಲ ಅನ್ನೋದು ತಮಾಷೆ. ಎಂಜಿನಿಯರಿಂಗಿನ ನಾಲ್ಕು ವರ್ಷದಲ್ಲಿ ಫೂರಿಯೇ ಸರಣಿ ಕಲಿಸ್ತಾರೆ, ಸೆಮಿನಾರಿಗೆ ಸ್ಲೈಡ್ ಮಾಡ್ಕೊಂಡು ಬಾ ಅಂತಾರೆ, ಹೇಗೆ ಮಾಡ್ಬೇಕು ಅಂತ ಮಾತ್ರ ಹೇಳಲ್ಲ. ಹಾಗಾಗಿ ವಿಟಿಯು ಕಾಲೇಜುಗಳಲ್ಲಿ ಸೀನಿಯರ್‌ಗಳ ಫೈಲು ಪಿತ್ರಾರ್ಜಿತ ಆಸ್ತಿ ಥರ ಇಳಿದು ಬರುತ್ತೆ. ಮೊದಲ ಸ್ಲೈಡಲ್ಲಿ ಕಾಲೇಜಿನ ಲಾಂಛನ, ಎರಡನೇದ್ರಲ್ಲಿ ‘ಕಂಟೆಂಟ್ಸ್’, ಕೊನೇದ್ರಲ್ಲಿ ಗುಲಾಬಿ ಹೂವಿನ ಜೊತೆ ‘ಥ್ಯಾಂಕ್ ಯೂ’. ನಡುವಿನ ಇಪ್ಪತ್ತರಲ್ಲಿ ವಿಷಯ ಬದಲಾಗುತ್ತೆ, ಚುಕ್ಕೆಗಳು ಬದಲಾಗಲ್ಲ :-)

ಇರ್ಲಿ, ಇಂಗ್ಲಿಷ್ ಸ್ಲೈಡುಗಳ ವಿಷಯ ನನಗೆ ಅಷ್ಟೇನೂ ತಲೆನೋವಲ್ಲ. ಅದನ್ನ ತಿದ್ದೋಕೆ ಪುಸ್ತಕಗಳಿವೆ, ಗುರುಗಳಿದ್ದಾರೆ. ಈಗೀಗ ಎಐಗೆ ಒಂದು ಸಾಲು ಹೇಳಿದರೆ ಹತ್ತು ಸ್ಲೈಡು ಬಂದು ಬೀಳುತ್ತೆ. ನಾನು ಹೇಳಹೊರಟಿರೋದು ಕನ್ನಡ ಸ್ಲೈಡಿನ ಬಗ್ಗೆ. ಇಂಗ್ಲಿಷಿಗೆ ಹೊಲಿದ ಅಂಗಿಯನ್ನ ಕನ್ನಡಕ್ಕೆ ತೊಡಿಸಿ, ತೋಳು ಉದ್ದ ಆಯ್ತು ಅಂತ ಕನ್ನಡದ ಕೈಯನ್ನೇ ಕತ್ತರಿಸ್ತಾ ಇದ್ದೀವಿ.

ಸ್ವಲ್ಪ ಹಿಂದಿನ ಕಥೆ ನೋಡಿ. ಪವರ್‌ಪಾಯಿಂಟ್ ಮೊದಲು ಬಂದಿದ್ದು 1987ರಲ್ಲಿ, ಮ್ಯಾಕಿಂಟಾಶ್ ಗಣಕಕ್ಕೆ. ಫೋರ್‌ಥಾಟ್ ಅನ್ನೋ ಸಣ್ಣ ಕಂಪನಿಯ ರಾಬರ್ಟ್ ಗ್ಯಾಸ್ಕಿನ್ಸ್ ಮತ್ತು ಡೆನಿಸ್ ಆಸ್ಟಿನ್ ಇದರ ಹಿಂದಿದ್ದವರು. ಅದೇ ವರ್ಷ ಮೈಕ್ರೋಸಾಫ್ಟ್ ಆ ಕಂಪನಿಯನ್ನ 1.4 ಕೋಟಿ ಡಾಲರಿಗೆ ಕೊಂಡುಕೊಳ್ತು. ಆಗ ಅದು ಪರದೆ ಮೇಲೆ ಬೆಳಗೋ ವಸ್ತುವೂ ಆಗಿರಲಿಲ್ಲ. ಓವರ್‌ಹೆಡ್ ಪ್ರೊಜೆಕ್ಟರಿಗೆ ಇಡುವ ಪಾರದರ್ಶಕ ಹಾಳೆಗಳನ್ನ ಕಪ್ಪು-ಬಿಳುಪಿನಲ್ಲಿ ಮುದ್ರಿಸಿಕೊಡೋ ಸಾಧನ. ಅಮೆರಿಕದ ಆಫೀಸಿನ ಮೀಟಿಂಗಿಗೆ, ಇಂಗ್ಲಿಷ್ ಮಾತಾಡೋ ಮ್ಯಾನೇಜರಿಗೆ ಅಂತ ಹುಟ್ಟಿದ್ದು. ಅಲ್ಲಿ ಚುಕ್ಕೆ ಇಟ್ಟು ‘ರೆಡ್ಯೂಸ್ ಕಾಸ್ಟ್’, ‘ಅಪ್ಲೈ ಆನ್‌ಲೈನ್’ ಅಂತ ಬರೆದರೆ ಮೊದಲ ಪದವೇ ಕ್ರಿಯಾಪದ. ಮುಂದಿನದನ್ನ ಎಷ್ಟು ಮೊಟಕು ಮಾಡಿದರೂ ಏನು ಮಾಡ್ಬೇಕು ಅನ್ನೋದು ಉಳ್ಕೊಳುತ್ತೆ.

ಅದೇ ಅಭ್ಯಾಸದಲ್ಲಿ ನಾವು ಕನ್ನಡದ ಸಾಲನ್ನ ಮೊಟಕು ಮಾಡ್ತೀವಿ. ಮೊಟಕು ಅಂದರೆ ಕೊನೆಯಿಂದ ತಾನೆ? ಕ್ರಿಯಾಪದ ಹೋಯ್ತು. ಉಳಿಯೋದು ನಾಮಪದಗಳ ಮೆರವಣಿಗೆ. ‘ರಸ್ತೆ ಗುಂಡಿ ಮುಚ್ಚುವಿಕೆ’. ಸ್ವಾಮಿ, ಮುಚ್ಚಿದ್ದೀರೋ, ಮುಚ್ಚುತ್ತಿದ್ದೀರೋ, ಮುಚ್ಚಬೇಕು ಅಂದುಕೊಂಡಿದ್ದೀರೋ? ಮುಚ್ಚೋರು ಯಾರು? ‘ಅನುಷ್ಠಾನ’, ‘ಪರಿಶೀಲನೆ’, ‘ಕ್ರಮ ವಹಿಸುವಿಕೆ’... ಇವುಗಳಲ್ಲಿ ಕಾಲವೂ ಇಲ್ಲ, ಕರ್ತೃವೂ ಇಲ್ಲ. ಸರ್ಕಾರಿ ಸಭೆಗಳಲ್ಲಿ ಈ ಶೈಲಿ ಯಾಕೆ ಅಷ್ಟು ಜನಪ್ರಿಯ ಅಂತ ಬೇರೆ ಹೇಳ್ಬೇಕಾಗಿಲ್ಲ. ಕ್ರಿಯಾಪದ ಇಲ್ಲದ ಕಡೆ ಜವಾಬ್ದಾರಿನೂ ಇರಲ್ಲ.

ಆದರೆ ಜವಾಬ್ದಾರಿ ತಪ್ಪಿಸಿಕೊಳ್ಳೋ ಉದ್ದೇಶವೇ ಇಲ್ಲದ ಕಡೆನೂ ಇದು ಎಂಥ ಅನಾಹುತ ಮಾಡುತ್ತೆ ಅಂತ ನಾನು ಕಂಡಿದ್ದು ಉದಯಗಿರಿಯಲ್ಲಿ.

ಮೈಸೂರಿನವರಲ್ಲದವರಿಗೆ: ಉದಯಗಿರಿ ಅಂದರೆ ಊರಿನ ಈಶಾನ್ಯಕ್ಕೆ, ರಾಜೀವ್‌ನಗರ, ಗೌಸಿಯಾನಗರಗಳ ಪಕ್ಕದ ಬಡಾವಣೆ. ಹೆಚ್ಚಿನ ಮನೆಗಳಲ್ಲಿ ದಖನಿ ಉರ್ದು, ಬೀದಿಗೆ ಬಂದರೆ ಕನ್ನಡ. ಗ್ಯಾರೇಜು, ಆಟೋ, ಹೊಲಿಗೆ, ಮನೆಯೊಳಗೆ ಹೆಂಗಸರು ಕೂತು ಸುತ್ತುವ ಬೀಡಿ, ಊದುಬತ್ತಿ ಅಂತ ಹೀಗೆ ದುಡಿಮೆ. ಪೇಪರಿನವರು ಗಲಾಟೆ ಆದಾಗ ಮಾತ್ರ ಈ ಕಡೆ ತಿರುಗಿ ನೋಡ್ತಾರೆ. ಹತ್ತನೇ ಕ್ಲಾಸಿನ ಮಕ್ಕಳಿಗೆ ಭಾನುವಾರ ಪಾಠ ಹೇಳೋ ಒಂದಷ್ಟು ಗೆಳೆಯರು ಅಲ್ಲಿದ್ದಾರೆ. ಗಣಿತಕ್ಕೆ ನಾನೂ ಆಗಾಗ ಹೋಗ್ತೀನಿ.

ಒಂದು ವರ್ಷ ಪರೀಕ್ಷೆ ಮುಗಿದ ಮೇಲೆ ‘ಎಸ್ಸೆಸ್ಸೆಲ್ಸಿ ನಂತರ ಏನು?’ ಅಂತ ಒಂದು ಸಭೆ ಇಟ್ಟಿದ್ರು. ಹೊರಗಿನಿಂದ ಮಾರ್ಗದರ್ಶಕರೊಬ್ಬರು ಬಂದಿದ್ರು. ಒಳ್ಳೆ ಮನುಷ್ಯ, ವಿಷಯ ಚೆನ್ನಾಗಿ ಗೊತ್ತಿದ್ದವರು. ಡಿಪ್ಲೊಮಾ ಬಗ್ಗೆ ಅವರ ಸ್ಲೈಡ್ ಹೀಗಿತ್ತು: ‘ಅರ್ಹತೆ – ಎಸ್ಸೆಸ್ಸೆಲ್ಸಿ’, ‘ಅವಧಿ – 3 ವರ್ಷ’, ‘ಪಿಯುಸಿ, ಪ್ರವೇಶ ಪರೀಕ್ಷೆ’, ‘ಲ್ಯಾಟರಲ್ ಎಂಟ್ರಿ – ಬಿಇ’. ಮೂರನೇ ಸಾಲು ಬಂದಾಗ ಅವರು ಬಾಯಲ್ಲಿ ‘ಇವೆರಡೂ ಬೇಕಾಗಿಲ್ಲ’ ಅಂದ್ರು. ಸರಿಯಾಗೇ ಹೇಳಿದ್ರು. ನಮ್ಮ ರಾಜ್ಯದಲ್ಲಿ ಪಾಲಿಟೆಕ್ನಿಕ್ ಸೀಟು ಎಸ್ಸೆಸ್ಸೆಲ್ಸಿ ಅಂಕದ ಮೇಲೆ ಸಿಗುತ್ತೆ, ಪ್ರವೇಶ ಪರೀಕ್ಷೆ ಇಲ್ಲ. ಆದರೆ ಫ್ಯಾನಿನ ಗದ್ದಲ, ಹಿಂದಿನ ಸಾಲಲ್ಲಿ ಅಳೋ ಕೂಸು. ‘ಬೇಕಾಗಿಲ್ಲ’ ಅನ್ನೋದು ಗಾಳಿಯಲ್ಲಿ ಹೋಯ್ತು. ಸ್ಲೈಡಿನ ಮೇಲೆ ಉಳಿದದ್ದು ‘ಪಿಯುಸಿ, ಪ್ರವೇಶ ಪರೀಕ್ಷೆ’.

ಈಗ ಜನ ಏನು ಮಾಡ್ತಾರೆ ಹೇಳಿ? ಟಿಪ್ಪಣಿ ಬರ್ಕೊಳ್ಳಲ್ಲ, ಫೋಟೋ ತಗೀತಾರೆ. ಒಬ್ಬ ಹುಡುಗಿಯ ತಾಯಿ ಆ ಸ್ಲೈಡಿನ ಫೋಟೋ ತೆಗೆದು, ಬೇರೆ ಊರಲ್ಲಿ ಕೆಲಸಕ್ಕಿದ್ದ ಗಂಡನಿಗೆ ವಾಟ್ಸಾಪ್ ಮಾಡಿದ್ರು. ಆತ ಕನ್ನಡ ಓದಬಲ್ಲ ಮನುಷ್ಯ. ಓದಿದ. ಎರಡು ವರ್ಷ ಪಿಯುಸಿ, ಆಮೇಲೊಂದು ಪರೀಕ್ಷೆ, ಆಮೇಲೆ ಮೂರು ವರ್ಷ ಡಿಪ್ಲೊಮಾ. ಒಟ್ಟು ಐದು ವರ್ಷ ಅಂತ ಲೆಕ್ಕ ಹಾಕಿ ‘ಬೇಡ’ ಅಂದ. ಆ ಸ್ಲೈಡಿನ ಪ್ರಕಾರ ಆತನ ಲೆಕ್ಕ ಸರಿಯಾಗೇ ಇತ್ತು! ಈ ವಿಷಯ ನಮ್ಮ ಕಿವಿಗೆ ಬೀಳೋ ಹೊತ್ತಿಗೆ ಅರ್ಜಿಯ ಗಡುವು ಮುಗಿದಿತ್ತು. ಎಲೆಕ್ಟ್ರಾನಿಕ್ಸ್ ಓದ್ಬೇಕು ಅಂತಿದ್ದ ಹುಡುಗಿ ಮನೆ ಹತ್ತಿರದ ಕಾಲೇಜಲ್ಲಿ ಕಲಾ ವಿಭಾಗಕ್ಕೆ ಸೇರಿದಳು. ಕಲಾ ವಿಭಾಗ ಕೀಳು ಅಂತಲ್ಲ. ಅದು ಅವಳ ಆಯ್ಕೆ ಆಗಿರಲಿಲ್ಲ, ಅಷ್ಟೆ.

ಇಡೀ ವಿಷಯದಲ್ಲಿ ಕೆಟ್ಟವರು ಯಾರೂ ಇಲ್ಲ ನೋಡಿ. ಒಂದು ‘ಬೇಕಾಗಿಲ್ಲ’ ಕಾಣೆಯಾಗಿತ್ತು.

ಸ್ಲೈಡಿಂದ ಆಗೋ ಅನಾಹುತದ ಬಗ್ಗೆ ಮಾತು ಬಂದಾಗ ಎಲ್ಲರೂ ಕೊಡೋ ಉದಾಹರಣೆ ಕೊಲಂಬಿಯಾ ಬಾಹ್ಯಾಕಾಶ ನೌಕೆಯದು. 2003ರ ಜನವರಿಯಲ್ಲಿ ನೌಕೆ ಮೇಲೇರುವಾಗ ಒಂದು ನೊರೆಯ ತುಂಡು ಕಳಚಿ ಎಡರೆಕ್ಕೆಗೆ ಬಡೀತು. ಹಾನಿ ಎಷ್ಟಾಗಿರಬಹುದು ಅಂತ ಬೋಯಿಂಗ್ ಎಂಜಿನಿಯರುಗಳು ನಾಸಾಕ್ಕೆ ಸ್ಲೈಡುಗಳಲ್ಲಿ ವಿವರಿಸಿದ್ರು. ಅದರಲ್ಲಿ ಒಂದು ಸ್ಲೈಡನ್ನ ಎಡ್ವರ್ಡ್ ಟಫ್ಟಿ ಅನ್ನೋ ವಿದ್ವಾಂಸ ಆಮೇಲೆ ಬಿಚ್ಚಿ ತೋರಿಸಿದ. ಶೀರ್ಷಿಕೆ ಓದಿದರೆ ಎಲ್ಲ ಕ್ಷೇಮ ಅನ್ನೋ ಹಾಗಿದೆ. ಚುಕ್ಕೆಯೊಳಗೆ ಚುಕ್ಕೆ, ಅದರೊಳಗೆ ಮತ್ತೊಂದು ಅಂತ ಇಳಿದು ಇಳಿದು ಹೋದರೆ ತಳದಲ್ಲಿ ನಿಜ ವಿಷಯ ಇದೆ: ಬಡಿದ ತುಂಡು ಸುಮಾರು 1920 ಘನ ಇಂಚು, ಪರೀಕ್ಷೆಯಲ್ಲಿ ಬಳಸಿದ್ದು ಬರೀ 3 ಘನ ಇಂಚು. ಅಂದರೆ 640 ಪಟ್ಟು. ಫೆಬ್ರವರಿ 1ರಂದು ಕಲ್ಪನಾ ಚಾವ್ಲಾ ಸೇರಿ ಏಳು ಜನ ಹೋದ್ರು. ಸ್ಲೈಡೇ ಕೊಂದಿತು ಅಂತ ಯಾರೂ ಹೇಳಲ್ಲ. ಆದರೆ ತನಿಖಾ ಮಂಡಳಿಯ ವರದಿಯಲ್ಲಿ, ತಾಂತ್ರಿಕ ವರದಿ ಬರೆಯೋ ಬದಲು ಸ್ಲೈಡಿನಲ್ಲೇ ಎಲ್ಲ ಮುಗಿಸೋ ನಾಸಾದ ಅಭ್ಯಾಸಕ್ಕೆ ಬೈಗುಳ ಇದೆ. ಕ್ರಿಯಾಪದ ಮುಂದೆ ಇಟ್ಕೊಳ್ಳೋ ಇಂಗ್ಲಿಷಿನಲ್ಲೇ ಹೀಗಾದರೆ ನಮ್ಮ ಗತಿ ಏನು?

ಹಾಗಾದ್ರೆ ಏನು ಮಾಡ್ಬೇಕು? ಗಾರ್ ರೆನಾಲ್ಡ್ಸ್ ಅನ್ನೋರ ‘ಪ್ರೆಸೆಂಟೇಶನ್ ಝೆನ್’ ಅಂತ 2008ರ ಪುಸ್ತಕ ಇದೆ. ಐಟಿಯವರ ಮೇಜಿನ ಮೇಲೆ ಭಗವದ್ಗೀತೆ ಥರ ಇಟ್ಟಿರ್ತಾರೆ. ಅವರ ವಾದ ಸ್ಥೂಲವಾಗಿ ಹೀಗೆ: ಸ್ಲೈಡಿನಲ್ಲಿ ಒಂದು ದೊಡ್ಡ ಚಿತ್ರ, ಒಂದೆರಡು ಪದ ಸಾಕು. ವಿವರ ಎಲ್ಲ ಮಾತಿನಲ್ಲಿರ್ಲಿ, ಮನೆಗೆ ಒಯ್ಯೋಕೆ ಬೇರೆ ಹಾಳೆ ಕೊಡಿ. ನೋಡೋಕೆ ಬಹಳ ಚೆಂದ. ಉದಯಗಿರಿಯ ಸಭೆಗೆ ಇದು ನಡೆಯಲ್ಲ ಅನ್ನೋದು ನನ್ನ ಖಡಾಖಂಡಿತ ಅಭಿಪ್ರಾಯ. ಅಲ್ಲಿ ಹಂಚೋ ಹಾಳೆ ಸಭೆ ಮುಗಿದ ಮೇಲೆ ಕುರ್ಚಿ ಒರೆಸೋಕೆ ಹೋಗುತ್ತೆ, ಫೋಟೋ ಮಾತ್ರ ಅಪ್ಪನಿಗೆ, ಚಿಕ್ಕಪ್ಪನಿಗೆ, ಬೀದಿಯ ವಾಟ್ಸಾಪ್ ಗುಂಪಿಗೆ ಹೋಗುತ್ತೆ. ನಮ್ಮಲ್ಲಿ ನಿರ್ಧಾರ ತಗೊಳ್ಳೋರು ಸಭೆಯಲ್ಲಿ ಇರಲ್ಲ ಸ್ವಾಮಿ! ಹಾಗಾಗಿ ಸ್ಲೈಡು ನಿಮ್ಮ ದನಿ ಇಲ್ಲದೆ, ಒಂಟಿಯಾಗಿ, ಒಡೆದ ಗಾಜಿನ ಫೋನಿನಲ್ಲೂ ಬದುಕ್ಬೇಕು.

ಹಾಗಂತ ಪ್ಯಾರಾಗಟ್ಟಲೆ ತುಂಬಿಸೋದೂ ಅಲ್ಲ. ನನಗೆ ಒಪ್ಪಿಗೆ ಆದದ್ದು ಪೆನ್ ಸ್ಟೇಟ್ ವಿಶ್ವವಿದ್ಯಾಲಯದ ಮೈಕೆಲ್ ಆಲಿ ಹೇಳೋ ದಾರಿ. ಅವರು ಎಂಜಿನಿಯರುಗಳಿಗೆ ಬರವಣಿಗೆ, ಭಾಷಣ ಕಲಿಸೋರು. ಅವರ ಪ್ರಕಾರ ಸ್ಲೈಡಿನ ತಲೆಯಲ್ಲಿ ಒಂದು ಪೂರ್ಣ ವಾಕ್ಯ ಇರ್ಬೇಕು, ಅದರ ಕೆಳಗೆ ಆ ವಾಕ್ಯಕ್ಕೆ ಸಾಕ್ಷಿಯಾಗೋ ಚಿತ್ರ. ಚುಕ್ಕೆಗಳಿಲ್ಲ. ಇಂಗ್ಲಿಷಿಗೆ ಇದು ಒಂದು ಒಳ್ಳೆಯ ಪದ್ಧತಿ. ಕನ್ನಡಕ್ಕೆ ಇದು ಅನಿವಾರ್ಯ, ಯಾಕಂದ್ರೆ ಪೂರ್ಣ ವಾಕ್ಯ ಅಂದರೇನೇ ಕ್ರಿಯಾಪದ ವಾಪಸ್ ಬಂತು ಅಂತ ಅರ್ಥ. ‘ಡಿಪ್ಲೊಮಾ: ಅರ್ಹತೆ’ ಅಲ್ಲ. ‘ಡಿಪ್ಲೊಮಾ ಸೇರಲು ಪಿಯುಸಿ ಬೇಕಾಗಿಲ್ಲ.’ ಪೂರ್ಣವಿರಾಮ ಸಮೇತ.

ಇದೇನೂ ಹೊಸದಲ್ಲ ಅಂತಾರೆ ನಮ್ಮಪ್ಪ. ಅವರ ಕಾಲದಲ್ಲಿ ಮೈಸೂರಿನ ಟಾಕೀಸುಗಳಲ್ಲಿ ಸಿನಿಮಾ ಶುರುವಾಗೋ ಮುಂಚೆ ಗಾಜಿನ ಸ್ಲೈಡ್ ಹಾಕ್ತಿದ್ರಂತೆ. 2020ರಲ್ಲಿ ಬಾಗಿಲು ಹಾಕಿದ ಶಾಂತಲಾದಲ್ಲಿ ಕೂತು ನೋಡಿದ್ದನ್ನ ಈಗಲೂ ವರ್ಣಿಸ್ತಾರೆ. ಸೀರೆ ಅಂಗಡಿ, ಕನ್ನಡಕದ ಅಂಗಡಿ, ‘ಧೂಮಪಾನ ಮಾಡಬಾರದು’. ಒಂದು ಗಾಜಿಗೆ ಒಂದು ಚಿತ್ರ, ಒಂದು ಮಾತು. ಮಾತಾಡೋಕೆ ಪಕ್ಕದಲ್ಲಿ ಯಾರೂ ನಿಂತಿರಲಿಲ್ಲವಲ್ಲ, ಹಾಗಾಗಿ ಬರೆದವನು ವಾಕ್ಯ ಮುಗಿಸಲೇಬೇಕಿತ್ತು. ಗಾಂಧಿಕ್ಲಾಸಿನಲ್ಲಿ ಕೂತವನಿಗೂ ಬಾಲ್ಕನಿಯವನಿಗೂ ಒಂದೇ ಥರ ಅರ್ಥ ಆಗ್ಬೇಕಿತ್ತು. ಪವರ್‌ಪಾಯಿಂಟ್ ತರಬೇತಿಗೆ ದುಡ್ಡು ಕೊಟ್ಟು ಹೋಗೋ ಬದಲು ಆ ಗಾಜಿನ ಮೇಲೆ ಬರೀತಿದ್ದ ಪೇಂಟರುಗಳನ್ನ ಹುಡುಕಿ ಕಲೀಬೇಕಿತ್ತೇನೋ.

ಇನ್ನು ಅಕ್ಷರದ ಗೋಳು. ಇದು ಬ್ಲಾಗ್ ಬರೆಯೋ ನಿಮಗೆ ನನಗಿಂತ ಚೆನ್ನಾಗಿ ಗೊತ್ತು, ಆದರೂ ಹೇಳಿಬಿಡ್ತೀನಿ. ಸ್ಲೈಡಿನ ತಯಾರು ಅಚ್ಚುಗಳೆಲ್ಲ ರೋಮನ್ ಅಕ್ಷರದ ಅಳತೆಗೆ ಮಾಡಿದವು. ‘ರಾಷ್ಟ್ರೀಯ ವಿದ್ಯಾರ್ಥಿವೇತನ’ ಅಂತ ಎರಡು ಸಾಲಲ್ಲಿ ಬರೆದು ನೋಡಿ, ಮೇಲಿನ ಸಾಲಿನ ಒತ್ತಕ್ಷರ ಕೆಳಗಿನ ಸಾಲಿನ ಗುಡಿಸಿನ ಮೇಲೆ ಕಾಲಿಟ್ಟಿರುತ್ತೆ. ಸಾಲಿನ ಅಂತರ ಒಂದೂಕಾಲಾದರೂ ಮಾಡ್ಲೇಬೇಕು. ಇಂಗ್ಲಿಷಿಗೆ 28 ಪಾಯಿಂಟ್ ಸಾಕಾದರೆ ಕನ್ನಡಕ್ಕೆ 36 ಕೊಡಿ. 2001ರಲ್ಲಿ ವಿಂಡೋಸ್ ಎಕ್ಸ್‌ಪಿ ಜೊತೆ ಬಂದ ನಮ್ಮ ತುಂಗಾ ನೆನಪಿದೆಯಲ್ಲ? ಅದೇ ಅಳತೆಯ ಇಂಗ್ಲಿಷ್ ಅಕ್ಷರದ ಪಕ್ಕದಲ್ಲಿ ಇರುವೆ ಥರ ಕಾಣ್ತಿತ್ತು. ಯೂನಿಕೋಡ್ ತಂದುಕೊಟ್ಟಿತು ಅನ್ನೋ ಋಣ ಇದ್ದರೂ ಪರದೆ ಮೇಲೆ ಅದನ್ನ ತರಬೇಡಿ. ನೋಟೋ ಸಾನ್ಸ್ ಕನ್ನಡ ಪರವಾಗಿಲ್ಲ, ಶೀರ್ಷಿಕೆಗೆ ಬಲೂ ತಮ್ಮ ಚೆನ್ನಾಗಿದೆ.

ದಪ್ಪಕ್ಷರದ ಬಗ್ಗೆ ಹುಷಾರು. ಕನ್ನಡದಲ್ಲಿ ದಕ್ಕೂ ಧಕ್ಕೂ, ಪಕ್ಕೂ ಫಕ್ಕೂ ಇರೋ ವ್ಯತ್ಯಾಸ ಒಂದು ಸಣ್ಣ ಸೀಳು. ತೀರಾ ದಪ್ಪ ಮಾಡಿದರೆ ಅದು ಮುಚ್ಚಿಹೋಗುತ್ತೆ. ಹಿಂದಿನ ಬೆಂಚಿನಿಂದ ನೋಡಿದರೆ ‘ಸಹಾಯಧನ’ ‘ಸಹಾಯದನ’ ಆಗಿರುತ್ತೆ. ಸರ್ಕಾರ ಹಸು ಕೊಡುತ್ತಂತೆ ಅಂತ ಯಾರಾದರೂ ಕೇಳಿದರೆ ನಗಬೇಡಿ. ಓರೆ ಅಕ್ಷರವಂತೂ ಬೇಡವೇ ಬೇಡ, ಕನ್ನಡಕ್ಕೆ ಅದು ಹುಟ್ಟುಗುಣ ಅಲ್ಲ. ಇಂಗ್ಲಿಷಿನ ಹಾಗೆ ದೊಡ್ಡಕ್ಷರಗಳೂ ನಮ್ಮಲ್ಲಿಲ್ಲ. ಹಾಗಾಗಿ ಒತ್ತು ಕೊಡೋಕೆ ಉಳಿಯೋದು ಬಣ್ಣ, ಗಾತ್ರ, ಖಾಲಿ ಜಾಗ. ಖಾಲಿ ಜಾಗ ನಮ್ಮವರಿಗೆ ಯಾಕೋ ಸಹಿಸೋಕೇ ಆಗಲ್ಲ, ಕಂಡ ತಕ್ಷಣ ಒಂದು ಲಾಂಛನ ತಂದು ಅಂಟಿಸ್ತಾರೆ.

ನುಡಿ, ಬರಹದ ಹಳೆ ಫಾಂಟುಗಳಲ್ಲಿ ಮಾಡಿದ ಫೈಲನ್ನ ಬೇರೆ ಲ್ಯಾಪ್‌ಟಾಪಿನಲ್ಲಿ ತೆಗೆದಾಗ ಪರದೆ ತುಂಬ ಯೂರೋಪಿನ ಚಿತ್ರವಿಚಿತ್ರ ಅಕ್ಷರ ಬರುತ್ತಲ್ಲ, ಆ ಸಂಕಟ ಇನ್ನೂ ಜೀವಂತವಾಗಿದೆ. ಯೂನಿಕೋಡಿನಲ್ಲಿ ಮಾಡಿ, ಪಿಡಿಎಫ್ ಮಾಡಿ ಒಯ್ಯಿ. ಅನಿಮೇಷನ್ ಹೋಗುತ್ತೆ, ಹೋಗಲಿ ಬಿಡಿ, ಪೀಡೆ ಕಳೀತು.

ಮುಂದಿನ ವರ್ಷ ಗೆಳೆಯರು ಆ ಸಭೆಯ ಸ್ಲೈಡುಗಳನ್ನ ನನಗೆ ವಹಿಸಿದ್ರು. ಒಟ್ಟು ಆರು ಮಾಡಿದೆ. ಒಂದರಲ್ಲಿ ಒಂದು ದಾರಿಯ ಚಿತ್ರ, ಎಸ್ಸೆಸ್ಸೆಲ್ಸಿ ಅನ್ನೋ ವೃತ್ತದಿಂದ ಮೂರು ರಸ್ತೆ: ಪಿಯುಸಿ 2 ವರ್ಷ, ಡಿಪ್ಲೊಮಾ 3 ವರ್ಷ, ಐಟಿಐ 1 ಅಥವಾ 2 ವರ್ಷ. ರಸ್ತೆಯ ಉದ್ದವೇ ವರ್ಷದ ಲೆಕ್ಕ. ಮತ್ತೊಂದರಲ್ಲಿ ಡಿಪ್ಲೊಮಾ ರಸ್ತೆ ಮುಂದೆ ಹೋಗಿ ಬಿಇಯ ಎರಡನೇ ವರ್ಷಕ್ಕೆ ಸೇರ್ಕೊಳುತ್ತೆ, ಅದರ ತಲೆಯ ಮೇಲೆ ‘ಡಿಪ್ಲೊಮಾ ಮುಗಿಸಿ ಡಿಸಿಇಟಿ ಬರೆದರೆ ಎಂಜಿನಿಯರಿಂಗಿನ ಎರಡನೇ ವರ್ಷಕ್ಕೆ ಸೇರಬಹುದು’. ‘ಲ್ಯಾಟರಲ್ ಎಂಟ್ರಿ – ಬಿಇ’ ಅನ್ನೋದಕ್ಕಿಂತ ಉದ್ದ, ಒಪ್ಕೋತೀನಿ. ಆದರೆ ಇದನ್ನ ಓದಿ ಯಾರೂ ನನ್ನನ್ನ ‘ಹಂಗಂದ್ರೇನು?’ ಅಂತ ಕೇಳಲಿಲ್ಲ.

ಪರದೆ ಮೇಲಿರೋದನ್ನೇ ಅಕ್ಷರ ಬಿಡದೆ ಓದಿದರೆ ಕಲಿಕೆ ಕುಗ್ಗುತ್ತೆ ಅಂತ ರಿಚರ್ಡ್ ಮೇಯರ್ ಅನ್ನೋ ಮನಶ್ಶಾಸ್ತ್ರಜ್ಞರು ಪ್ರಯೋಗ ಮಾಡಿ ತೋರಿಸಿದ್ದಾರೆ. ಸರಿಯೇ. ಅದಕ್ಕೇ ವಾಕ್ಯವನ್ನ ಒಂದು ಸಲ ಓದಿ, ಆಮೇಲೆ ಬೆರಳನ್ನ ಚಿತ್ರದ ರಸ್ತೆ ಮೇಲೆ ಓಡಿಸ್ತಾ ದಖನಿಯಲ್ಲಿ ಮಾತಾಡಿದ್ದು ನಮ್ಮ ಗೆಳೆಯ. ಬೆರಳಿಗೆ ಲೇಸರ್ ಪಾಯಿಂಟರಿಗಿಂತ ಮರ್ಯಾದೆ ಜಾಸ್ತಿ.

ಕನ್ನಡ ಸಾಲಿನ ಕೆಳಗೆ ಉರ್ದು ಸಾಲೂ ಹಾಕಿದ್ವಿ. ಉರ್ದು ಮಾಧ್ಯಮದ ಮಕ್ಕಳ ತಾಯಂದಿರಲ್ಲಿ ಕನ್ನಡ ಮಾತಾಡಬಲ್ಲವರು ಬಹಳ, ಓದಬಲ್ಲವರು ಕಮ್ಮಿ. ಉರ್ದುವಿನ ನಸ್ತಾಲಿಕ್ ಬರಹ ಬಲದಿಂದ ಎಡಕ್ಕೆ ಮೆಟ್ಟಿಲು ಇಳಿದ ಹಾಗೆ ಓರೆಯಾಗಿ ಇಳಿಯುತ್ತೆ. ಅದಕ್ಕೆ ಕನ್ನಡಕ್ಕಿಂತಲೂ ಹೆಚ್ಚು ಅಂತರ ಬೇಕು. ಒತ್ತಕ್ಷರದವರೂ ನಸ್ತಾಲಿಕ್‌ನವರೂ ಸೇರಿ ಈ ರೋಮನ್ ಅಚ್ಚಿನ ಮೇಲೆ ಜಂಟಿ ದೂರು ಕೊಡ್ಬೇಕು ಅಂತ ಅನ್ನಿಸಿದ್ದು ಆಗಲೇ! ಇನ್ನೊಂದು ಸ್ವಾರಸ್ಯ: ಉರ್ದುವಿನಲ್ಲೂ ಕ್ರಿಯಾಪದ ಕೊನೆಗೇ ಬರೋದು. ಅವರ ಚುಕ್ಕೆಪಟ್ಟಿಗಳಿಗೂ ಇದೇ ರೋಗ.

ಸಭಾಂಗಣಕ್ಕೆ ಪರದೆ ಇರಲಿಲ್ಲ, ತಿಳಿಹಸಿರು ಗೋಡೆ, ಕಿಟಕಿಗೆ ಕರ್ಟನ್ ಇಲ್ಲ. ಕಪ್ಪು ಹಿನ್ನೆಲೆಯ ಅಂದದ ಟೆಂಪ್ಲೇಟುಗಳೆಲ್ಲ ಅಲ್ಲಿ ಮಣ್ಣು ಮುಕ್ಕುತ್ವೆ. ಬಿಳಿ ಹಿನ್ನೆಲೆ, ಕಪ್ಪು ಅಕ್ಷರ, ಒಂದೇ ಒಂದು ಕೆಂಪು. ಹಿಂದಿನ ದಿನ ನಾನು ಮಾಡಿದ ಪರೀಕ್ಷೆ ಇಷ್ಟೆ: ಲ್ಯಾಪ್‌ಟಾಪನ್ನ ಮನೆಯ ಹಜಾರದ ಈ ತುದಿಯಲ್ಲಿಟ್ಟು ಆ ತುದಿಯಿಂದ ಅಮ್ಮನಿಗೆ ಓದೋಕೆ ಹೇಳಿದ್ದು. ಆಮೇಲೆ ಪ್ರತಿ ಸ್ಲೈಡಿನ ಫೋಟೋ ತೆಗೆದು, ವಿಷಯ ಏನೂ ಗೊತ್ತಿಲ್ಲದ ಒಬ್ಬ ಗೆಳೆಯನಿಗೆ ಕಳಿಸಿ ‘ಏನು ಅರ್ಥ ಆಯ್ತು ಹೇಳು’ ಅಂದದ್ದು. ಆರರಲ್ಲಿ ಐದು ಪಾಸಾದವು. ವಿದ್ಯಾರ್ಥಿವೇತನದ್ದಕ್ಕೆ ಅವನು ‘ಇದು ಯಾರಿಗೆ ಸಿಗುತ್ತೆ?’ ಅಂತ ತಿರುಗಿ ಕೇಳಿದ. ಅದನ್ನ ಎರಡು ಸ್ಲೈಡ್ ಮಾಡಿದೆ, ಹಾಗಾಗಿ ಈಗ ಏಳು.

ಏಳನ್ನೂ ಪ್ರತಿವರ್ಷ ತಿದ್ದಬೇಕಾಗುತ್ತೆ, ದಿನಾಂಕ, ಶುಲ್ಕ ಬದಲಾಗ್ತಾ ಇರುತ್ತೆ. ನಿಮ್ಮೂರಲ್ಲಿ ಇಂಥ ಸಭೆ ಮಾಡೋರಿದ್ದರೆ ಹೇಳಿ, ಫೈಲು ಕಳಿಸ್ತೀನಿ. ಚಿತ್ರ ಬಿಡಿಸೋಕೆ ಬರೋರು ಯಾರಾದರೂ ಇದ್ದರಂತೂ ಬಹಳ ಉಪಕಾರ. ನಾನು ಬರೆದ ರಸ್ತೆ ನೋಡಿ ಒಬ್ಬ ಹುಡುಗ ‘ಸಾರ್, ಇದು ಕೇಸರೆ ನಾಲೆನಾ?’ ಅಂತ ಕೇಳಿದ.